ಐದು ತಲೆಗೆ ಒಂದು ವಿಮೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪೆಲ್ಲ ಆ ಅರ್ಜಿಯದು. ಎರಡನೆಯದಾಗಿ, ವಿಮಾ ಕಚೇರಿಯ ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳದು. ಮೂರನೆಯದಾಗಿ, ಯಾವತ್ತಿನಂತೆ, ನನ್ನ ಭಾಮೈದನದು. ಹೆಂಡತಿಯನ್ನು ಈ ಪಟ್ಟಿಯಲ್ಲಿ ಸೇರಿಸುವಷ್ಟು ಧೈರ್ಯ ನನಗಿಲ್ಲ (ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ).

ನಾನು ಶಾಲೆಯಲ್ಲಿ ಆಟದ ಮೇಷ್ಟ್ರು. ಆಟ ಕಲಿಸುವುದು ಹೆಸರಿಗೆ ಮಾತ್ರ, ನಿಜವಾದ ಕೆಲಸ ತಲೆ ಎಣಿಸುವುದು. ಮಕ್ಕಳನ್ನು ಮೃಗಾಲಯ, ಮ್ಯೂಸಿಯಂ, ಈಜುಕೊಳ ಎಂದು ಎಲ್ಲಿಗೆ ಕರೆದುಕೊಂಡು ಹೋದರೂ ಬಸ್ಸಿನ ಬಾಗಿಲ ಕೆಳಗೆ ನಿಂತು ಒಂದೊಂದೇ ತಲೆ ಎಣಿಸುವವನು ನಾನು. ಲೆಕ್ಕ ಪಟ್ಟಿಗೆ ಸರಿಹೊಂದಿದರೆ ಬಸ್ಸಿನ ಪಕ್ಕೆಗೆ ಎರಡು ಸಲ ತಟ್ಟುತ್ತೇನೆ. ಆಮೇಲೇ ಡ್ರೈವರ್ ಗೇರು ಹಾಕುವುದು. ನಾನು ಓಡಿಬಂದು ಹತ್ತಿಕೊಳ್ಳುವವರೆಗೆ ಅವನು ಗಾಡಿಯನ್ನು ನಿಧಾನಕ್ಕೆ ಬಿಡುತ್ತಾನೆ, ಅಷ್ಟು ವರ್ಷದ ಒಡನಾಟ ನಮ್ಮದು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವನ್ನೂ ಎಲ್ಲೂ ಬಿಟ್ಟು ಬಂದವನಲ್ಲ. (ಒಮ್ಮೆ ಹೆಡ್‌ಮಾಸ್ಟರರನ್ನು ಬಿಟ್ಟು ಬಂದದ್ದು ನಿಜ. ಆದರೆ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ.)

ಇಂಥ ನನಗೂ ಜೀವನದಲ್ಲಿ ಒಂದು ಆಸೆ ಇತ್ತು. ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಒಮ್ಮೆ, ಒಂದೇ ಒಂದು ಸಲ, ಸುಯ್ಯೆಂದು ಜಾರಬೇಕು. ಹನ್ನೆರಡನೇ ವಯಸ್ಸಿನಲ್ಲಿ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಒಬ್ಬ ಹಾಗೆ ಜಾರುವುದನ್ನು ನೋಡಿದಾಗ ಹುಟ್ಟಿದ ಆಸೆ. ಈಗ ನಲವತ್ತೇಳು. ಕ್ಷೌರಿಕನಿಗೆ ನನ್ನ ತಲೆಯಲ್ಲಿ ಹೆಚ್ಚಿನ ಕೆಲಸ ಉಳಿದಿಲ್ಲ, ಆಸೆ ಮಾತ್ರ ಒಂದೆಳೆಯೂ ಉದುರಿಲ್ಲ. ಈ ವರ್ಷದ ರಜೆಗೆ ಇಡೀ ಸಂಸಾರ ಹಿಮದೂರಿಗೆ ಹೋಗುವುದು ಎಂದು ಘೋಷಿಸಿದೆ. ಅಂದಿನಿಂದಲೇ ಸಾಕ್ಸ್ ಹಾಕಿಕೊಂಡು, ಎರಡೂ ಕೈಗೆ ಒಂದೊಂದು ಕಸಪೊರಕೆ ಹಿಡಿದು, ನಡುಮನೆಯ ಟೈಲ್ಸ್ ಮೇಲೆ ಅಭ್ಯಾಸ ಶುರುಮಾಡಿದೆ.

ನನ್ನ ಹೆಂಡತಿಗೆ ಮೂಳೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮುರಿದ ಕೈಕಾಲುಗಳನ್ನೇ ನೋಡುವವಳಿಗೆ ಆಟ ಎಂದರೆ ಮುರಿದುಕೊಳ್ಳುವ ವಿಧಾನ ಅಷ್ಟೇ. ನಾನು ಸೋಫಾ ಸುತ್ತಿ ಜಾರುತ್ತಾ ಬಂದಾಗ ಅವಳು ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

"ಹೀಗೆ ಜಾರಿದೋರೇ ಸೋಮವಾರ ಬೆಳಿಗ್ಗೆ ನನ್ನ ಮುಂದೆ ಸಾಲಾಗಿ ಕೂತಿರ್ತಾರೆ," ಎಂದಳು. "ಮೊದಲು ವಿಮೆ ಮಾಡಿಸಿ. ಆಮೇಲೆ ಎಲ್ಲಿ ಬೇಕಾದ್ರೂ ಜಾರಿ."

ವಿಮೆ ತಾನೆ, ಅದೇನು ಮಹಾ ಎಂದುಕೊಂಡೆ. ಅಯ್ಯೋ ನನ್ನ ಮೂಢತನವೇ! ಆ ದಿನದಿಂದ ಮೂರು ವಾರ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ (ವೈರಿ ಯಾರೆಂದು ಮುಂದೆ ಬರುತ್ತದೆ). ವರ್ಷಪೂರ್ತಿಯ ಕುಟುಂಬ ಪ್ರಯಾಣ ವಿಮೆ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಒಳಗೆ ನೋಡಿದರೆ ಇರುವೆ ಗಾತ್ರದ ಅಕ್ಷರದಲ್ಲಿ, ಚಳಿಗಾಲದ ಕ್ರೀಡೆಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ಹಿಮದೂರಿಗೆ ಹೋಗಬಹುದು, ಹಿಮವನ್ನು ಕಿಟಕಿಯಿಂದ ನೋಡಬಹುದು, ಮುಟ್ಟುವ ಹಾಗಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದಂತೆ.

ಕ್ರೀಡೆ ಸೇರಿಸಿದ ವಿಮೆ ಹುಡುಕಿದರೆ ಅಲ್ಲಿ ಬೇರೆ ರಾಮಾಯಣ. ಒಂದು ಕಂಪನಿಯವರು, ಗುರುತು ಮಾಡಿದ ದಾರಿಯಲ್ಲಿ ಜಾರಿ ಬಿದ್ದರೆ ಕೊಡುತ್ತಾರಂತೆ, ದಾರಿಯಿಂದ ಆಚೆ ಬಿದ್ದರೆ ಇಲ್ಲವಂತೆ. ಬೀಳುವವನು ಗೆರೆ ನೋಡಿಕೊಂಡು ಬೀಳಬೇಕೇ? ಇನ್ನೊಬ್ಬರು ಜಾರುಬಂಡಿಗೆ ಕೊಡುತ್ತಾರೆ, ಹಲಗೆಗೆ ಇಲ್ಲ. ಬಿಚ್ಚಿಟ್ಟ ಬೂಟು, ಚಪ್ಪಲಿ ಕಳೆದರೆ ಎಲ್ಲರೂ ಪರಿಹಾರ ಕೊಡುತ್ತಾರೆ, ಆದರೆ ಪಕ್ಕದಲ್ಲಿ ಯಾರಾದರೂ ಕಾಯುತ್ತಾ ಕೂತಿರುವಾಗ ಕಳೆದಿರಬೇಕು. ಕಾಯುವವನು ಕೂತಿದ್ದರೆ ಅದು ಕಳೆಯುವುದಾದರೂ ಹೇಗೆ ಎಂದು ಫೋನಿನಲ್ಲಿ ಕೂಗಾಡಿದೆ. ಆ ಕಡೆಯವನು ನನ್ನ ಕರೆಯನ್ನು ತರಬೇತಿಗಾಗಿ ರೆಕಾರ್ಡ್ ಮಾಡಿಕೊಳ್ಳುತ್ತಿರುವುದಾಗಿ ವಿನಯದಿಂದ ತಿಳಿಸಿದ.

ಎಲ್ಲಕ್ಕಿಂತ ದೊಡ್ಡ ಯುದ್ಧ ನಮ್ಮತ್ತೆಯ ವಿಷಯದಲ್ಲಿ. ಅವರಿಗೆ ಎಪ್ಪತ್ತೊಂದು, ನಮ್ಮ ಜೊತೆಗೇ ಇರುತ್ತಾರೆ. ಅರವತ್ತೈದು ದಾಟಿದವರಿಗೆ ಹಿಮ ನಿಷಿದ್ಧ ಎಂದು ಒಂದರ ಮೇಲೊಂದು ಕಂಪನಿಯವರು ಕೈ ಎತ್ತಿದರು. ನಾನು ಬಿಡಲಿಲ್ಲ. ವೈದ್ಯರ ಸರ್ಟಿಫಿಕೇಟು, ಅವರು ದಿನಾ ನಾಲ್ಕು ಮಹಡಿ ಹತ್ತಿಳಿಯುತ್ತಾರೆಂದು ನೆರೆಯವರ ಸಾಕ್ಷಿ, ಎಲ್ಲ ಹೊತ್ತುಕೊಂಡು ಹೋಗಿ ಏಳನೆಯ ಕಂಪನಿಯನ್ನು ಒಪ್ಪಿಸಿದೆ. ಅತ್ತೆಗಾಗಿ ಹೀಗೆ ಹೋರಾಡಿದ ಅಳಿಯ ಇದ್ದರೆ ತೋರಿಸಿ. ಅತ್ತೆ ನನ್ನನ್ನು ಹೊಗಳಿದರೇ ಎಂದು ಕೇಳಬೇಡಿ. ಬೂಟಿನ ಬಣ್ಣ ತಿಳಿನೀಲಿ ಇರಲಿ ಎಂದರು.

ಈಗ ವೈರಿಯ ಪ್ರವೇಶ. ನನ್ನ ಭಾಮೈದ ಫ್ರಿಜ್ಜು ರಿಪೇರಿಯವನು, ಮದುವೆಯಾಗಿಲ್ಲ, ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಎಂಟು ವರ್ಷದಿಂದ 'ಸದ್ಯಕ್ಕೆ' ಇದ್ದಾನೆ. ಭಾನುವಾರ ನಾನು ಮಲಗಿದಾಗಲೇ ಅವನಿಗೆ ಡ್ರಿಲ್ಲಿಂಗ್ ಯಂತ್ರದ ನೆನಪಾಗುವುದು. ತಾನೂ ಹಿಮಕ್ಕೆ ಬರುತ್ತೇನೆಂದ. ನಾನು ವಾದಕ್ಕೆ ಇಳಿಯಲಿಲ್ಲ. ಒಂದು ಹಾಳೆಯಲ್ಲಿ ಶಾಸನ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ: 'ವಿಮೆಯ ಪಟ್ಟಿಯಲ್ಲಿ ಹೆಸರಿಲ್ಲದವರು ಹಿಮದ ಮೇಲೆ ಕಾಲಿಡತಕ್ಕದ್ದಲ್ಲ. ವಯಸ್ಸು, ಸಂಬಂಧ, ಕಣ್ಣೀರು ಯಾವುದನ್ನೂ ಪರಿಗಣಿಸಲಾಗುವುದಿಲ್ಲ.' ಹೆಂಡತಿ ಅದನ್ನು ಎರಡು ಸಲ ಓದಿ, ಮದುವೆಯಾದ ಮೇಲೆ ನೀವು ಬರೆದ ಮೊದಲ ಬುದ್ಧಿವಂತಿಕೆಯ ಮಾತು ಎಂದಳು.

ಮರುದಿನ ಏಳನೆಯ ಕಂಪನಿಯ ಕಚೇರಿಗೆ ಹೋದೆ. ಅರ್ಜಿಯ ಮೊದಲ ಪುಟದಲ್ಲಿ ಅರ್ಜಿದಾರರ ಹೆಸರು, ವಿಳಾಸ, ಸಹಿ. ಥೇಟ್ ನಮ್ಮ ಶಾಲೆಯ ಪ್ರವಾಸದ ಫಾರಮ್ಮಿನ ಹಾಗೆ. ಅಲ್ಲಿ ಜವಾಬ್ದಾರಿ ಹೊತ್ತವನೆಂದು ನಾನು ಸಹಿ ಹಾಕಿ, ಎರಡನೆಯ ಪುಟದಲ್ಲಿ ಮಕ್ಕಳ ಹೆಸರು ತುಂಬುತ್ತೇನಲ್ಲ, ಇಲ್ಲೂ ಹಾಗೆಯೇ ಸರಸರನೆ ತುಂಬಿದೆ. ಹೆಂಡತಿ, ಅತ್ತೆ, ಮಗಳು, ಮಗ. ಕೆಳಗೆ ಗೆರೆ ಎಳೆದೆ. ಕೌಂಟರಿನ ಹೆಣ್ಣುಮಗಳು ಗಾಜಿನ ಕಿಂಡಿಯಿಂದ ನನ್ನನ್ನು ನೋಡಿ, "ಸರ್, ಹೋಗೋದು ಇಷ್ಟೇ ಜನಾನಾ?" ಎಂದಳು.

"ಹತ್ತೊಂಬತ್ತು ವರ್ಷದಿಂದ ತಲೆ ಎಣಿಸ್ತಾ ಇದೀನಮ್ಮ. ನಮ್ಮನೆ ತಲೆ ನನಗೆ ಗೊತ್ತಿಲ್ವಾ?"

ಅವಳು ಕ್ಯಾಲ್ಕುಲೇಟರ್ ಎಳೆದುಕೊಂಡಳು. ನನಗೆ ಸಿಟ್ಟು ಬಂದದ್ದು ಕಂತು ಕೇಳಿದ ಮೇಲೆ. ಈ ವಿಮೆ ಐದು ಜನರ ಕುಟುಂಬಕ್ಕಂತೆ. ನಾಲ್ಕೇ ಜನರಿದ್ದರೂ ಕೊಡಬೇಕಾದದ್ದು ಅಷ್ಟೇ! ಇಲ್ಲದ ತಲೆಗೆ ನಾನೇಕೆ ಕೊಡಲಿ? ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳಿಸುವಂತೆ ಅರ್ಧ ಗಂಟೆ ಜಗಳವಾಡಿ, ಅರ್ಜಿ ವಾಪಸು ಕಸಿದುಕೊಂಡು ಮನೆಗೆ ಬಂದೆ. ಒಂದು ಜಾಗ ದಂಡ, ಹಗಲುದರೋಡೆ ಎಂದು ಊಟಕ್ಕೆ ಕೂತಾಗಲೂ ಕೂಗುತ್ತಿದ್ದೆ. ಎಲ್ಲರೂ ತಮ್ಮ ಪಾಡಿಗೆ ಉಣ್ಣುತ್ತಿದ್ದರು. ಭಾಮೈದ ಮಾತ್ರ ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಶಾಸನವನ್ನು ನಿಧಾನವಾಗಿ ಓದಿ ಬಂದ.

"ಭಾವ, ಪಟ್ಟೀಲಿ ಹೆಸರಿಲ್ಲ ಅನ್ನೋದೊಂದೇ ತಾನೆ ತೊಂದರೆ? ಹೆಂಗೂ ಒಂದು ಜಾಗ ಖಾಲಿ ಇದೆಯಲ್ಲ."

ನಾನು ಹೌಹಾರಿದೆ. ಅವನು ಕುಟುಂಬದವನಲ್ಲ ಎಂದೆ. ಕಂಪನಿಯ ನಿಯಮಪುಸ್ತಕದಲ್ಲಿ ಅತ್ತೆಗಾಗಿ ನಾನೇ ಕೆಂಪು ಗೆರೆ ಎಳೆದಿದ್ದ, ಒಂದೇ ಸೂರಿನಡಿ ವಾಸಿಸುವ ರಕ್ತಸಂಬಂಧಿ ಎಂಬ ಕಲಮನ್ನು ಹೆಂಡತಿ ತೋರಿಸಿದಳು. ಅತ್ತೆ ತಮ್ಮ ಮಗನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಮತ್ತೆ ಅದೇ ಕಿಂಡಿಯ ಮುಂದೆ ನಿಂತು, ಐದನೆಯ ಸಾಲಿನಲ್ಲಿ ಅವನ ಹೆಸರು ತುಂಬಿದೆ. "ಸರ್, ನೀವು..." ಎಂದು ಆ ಹೆಣ್ಣುಮಗಳು ಶುರುಮಾಡಿದಳು. ನನಗೆ ಮೊದಲೇ ಮೈಯೆಲ್ಲ ಉರಿಯುತ್ತಿತ್ತು. ಇನ್ನೊಂದು ಮಾತು ಬೇಡ, ಸೀಲು ಹಾಕಿ ಎಂದೆ. ಅವಳು ಹಾಕಿದಳು.

ರಜೆ ಬಂತು, ಹಿಮದೂರಿಗೆ ಹೋದೆವು. ನಮ್ಮ ವಸತಿಗೃಹದ ಪುಟ್ಟ ಬಸ್ಸು ಬೆಟ್ಟ ಹತ್ತಿಸಿ, ನಮ್ಮನ್ನು ಜಾರಾಟದ ಇಳಿಜಾರಿನ ಬುಡಕ್ಕೆ ತಂದು ಇಳಿಸಿತು. ಕಣ್ಣು ಕೋರೈಸುವ ಬಿಳುಪು! ಮೂವತ್ತೈದು ವರ್ಷದ ಹಿಂದಿನ ಕ್ಯಾಲೆಂಡರು ಎದುರಿಗೇ ನಿಂತಿತ್ತು. ಎರಡೂ ಕೈ ಎತ್ತಿ ಮುಗಿದುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಹಲಗೆ ಬಾಡಿಗೆ ಕೊಡುವ ಅಂಗಡಿಯವನು ವಿಮೆಯ ಕಾಗದ ಕೇಳಿದ. ಗತ್ತಿನಿಂದ ಕೊಟ್ಟೆ. ಅವನು ಒಂದೊಂದೇ ಹೆಸರು ಕೂಗಿ ಒಬ್ಬೊಬ್ಬರ ಕೈಗೂ ಹಳದಿ ಪಟ್ಟಿ ಕಟ್ಟಿದ. ಹೆಂಡತಿ, ಅತ್ತೆ, ಮಗಳು, ಮಗ, ಭಾಮೈದ. ನಾನು ಕೈ ಚಾಚಿದೆ. ಅವನು ಕಾಗದ ಮಡಚಿ ನನ್ನ ಚಾಚಿದ ಕೈಗೇ ಕೊಟ್ಟ.

ಕಾಗದ ಬಿಡಿಸಿದೆ, ತಿರುಗಿಸಿದೆ, ಬೆಳಕಿಗೆ ಹಿಡಿದೆ. ಕಚೇರಿಗೆ ಫೋನು ಮಾಡಿದೆ. ಅದೇ ದನಿ. ನಾನು ಅರ್ಜಿದಾರನಂತೆ, ಪ್ರಯಾಣಿಕನಲ್ಲವಂತೆ. ಹೊಸ ಹೆಸರು ಸೇರಿಸುವುದಿದ್ದರೆ ಊರು ಬಿಡುವ ಮೊದಲೇ ಸೇರಿಸಬೇಕಂತೆ. ಅವತ್ತು ಎರಡು ಸಲ ಕೇಳಲು ನೋಡಿದೆ ಸರ್ ಎಂದಳು. ಎರಡು ಸಲ ಕೇಳಿದವಳಿಗೆ ಮೂರನೆಯ ಸಲ ಕೇಳಲು ಏನು ದಾಡಿ? ಮನುಷ್ಯತ್ವ ಬೇಡವೇ?

ಹೆಂಡತಿಯ ಕಡೆ ತಿರುಗಿದೆ. ನಿನಗಾದರೂ ಗೊತ್ತಾಗಬಾರದಿತ್ತೇ ಎಂದೆ.

"ಮಕ್ಕಳನ್ನ ಟೂರ್ ಕರ್ಕೊಂಡು ಹೋಗೋ ಮೇಷ್ಟ್ರು, ನಿಮಗೆ ಶಾಲೇದೇ ಬೇರೆ ವಿಮೆ ಇರುತ್ತೆ ಅಂದ್ಕೊಂಡೆ," ಎಂದಳು. "ಮೂರು ವಾರ ಆ ಕಾಗದ ಮುಟ್ಟೋಕೆ ಬಿಟ್ರಾ ಯಾರನ್ನಾದ್ರೂ?"

ಒಂದೇ ಒಂದು ಸಲ ಜಾರಿ ಬರುತ್ತೇನೆ ಎಂದು ಗೋಗರೆದೆ. ಆಟದ ಮೇಷ್ಟ್ರು ನಾನು, ನನ್ನ ಮೂಳೆ ಗಟ್ಟಿ ಎಂದೆ. ಅವಳ ಮುಖ ಸ್ವಲ್ಪ ಸಡಿಲವಾಯಿತು, ನಾನು ಕಂಡೆ. ಅಷ್ಟರಲ್ಲಿ ಭಾಮೈದ ಗಂಟಲು ಸರಿಮಾಡಿಕೊಂಡು, ಯಾರನ್ನೂ ನೋಡದೆ, ಆಕಾಶಕ್ಕೆ ಹೇಳುವವನಂತೆ ಹೇಳಿದ: "ವಯಸ್ಸು, ಸಂಬಂಧ, ಕಣ್ಣೀರು ಯಾವುದನ್ನೂ ಪರಿಗಣಿಸಲಾಗುವುದಿಲ್ಲ."

ಪಾಪಿ, ಬಾಯಿಪಾಠ ಮಾಡಿದ್ದ! ಹೆಂಡತಿಯ ಮುಖ ಮತ್ತೆ ಪ್ಲಾಸ್ಟರಿನಷ್ಟು ಬಿಗಿಯಾಯಿತು. ಮಗ, ಅಪ್ಪ ನೀವು ಬೇಜಾರು ಮಾಡ್ಕೋಬೇಡಿ, ನಾವು ಬಿಚ್ಚಿಟ್ಟ ಬೂಟು ಕಾಯೋಕೆ ಯಾರಾದರೂ ಬೇಕಲ್ಲ, ಇಲ್ಲದಿದ್ದರೆ ಪರಿಹಾರ ಸಿಗಲ್ಲ ಎಂದು ಸಮಾಧಾನ ಮಾಡಿದ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನನ್ನ ಶಿಷ್ಯರಿಗೆ ಹೇಳುತ್ತಿದ್ದೆ. ನಾನು ಎರಡಕ್ಕೂ ಇಲ್ಲದೆ ಅಂಗಡಿಯ ಮುಂದಿನ ಮರದ ಬೆಂಚಿನಲ್ಲಿ ಐದು ಜೊತೆ ಬೂಟುಗಳ ನಡುವೆ ಕೂತೆ.

ಸಂಜೆಯವರೆಗೆ ಕೂತೆ. ಮಗಳು ಹನ್ನೊಂದು ಸಲ ಬಿದ್ದು ಹನ್ನೆರಡನೆಯ ಸಲಕ್ಕೆ ಕಲಿತಳು. ಅತ್ತೆ, ನಾನು ಏಳು ಕಂಪನಿಗಳೊಡನೆ ಹೋರಾಡಿ ವಿಮೆ ಕೊಡಿಸಿದ ಅತ್ತೆ, ತಿಳಿನೀಲಿ ಬೂಟು ಹಾಕಿಕೊಂಡು ನನ್ನ ಮುಂದೆಯೇ ಸುಯ್ಯೆಂದು ಹೋದರು. ಭಾಮೈದ ನನ್ನ ಜಾಗದಲ್ಲಿ, ನನ್ನ ಕಂತಿನಲ್ಲಿ, ನನ್ನ ಮಫ್ಲರು ಸುತ್ತಿಕೊಂಡು ಜಾರಿದ. ಹೊಟ್ಟೆ ಉರಿದುಹೋಯಿತು, ಅದಕ್ಕೆ ವಿಮೆ ಯಾರ ಹತ್ತಿರವೂ ಇಲ್ಲ.

ಕತ್ತಲಾಗುವ ಮುಂಚೆ ವಸತಿಗೃಹದ ಬಸ್ಸು ಬಂತು. ಎಲ್ಲರೂ ದಣಿದು, ಕೆಂಪು ಮೂಗು ಹೊತ್ತು ಬಂದರು. ಸಿಟ್ಟು ಎಷ್ಟಿದ್ದರೂ ಜವಾಬ್ದಾರಿ ಜವಾಬ್ದಾರಿಯೇ. ನಾನು ಬಾಗಿಲ ಕೆಳಗೆ ನಿಂತು ಪಟ್ಟಿ ತೆಗೆದು ಎಣಿಸಿದೆ. ಹೆಂಡತಿ ಒಂದು, ಅತ್ತೆ ಎರಡು, ಮಗಳು ಮೂರು, ಮಗ ನಾಲ್ಕು, ಆ ಪಾಪಿ ಐದು. ಐದಕ್ಕೆ ಐದು, ಒಂದು ತಲೆಯೂ ತಪ್ಪಿಲ್ಲ. ಸಮಾಧಾನದಿಂದ ಬಸ್ಸಿನ ಪಕ್ಕೆಗೆ ಎರಡು ಸಲ ತಟ್ಟಿದೆ.

ಡ್ರೈವರ್ ನಮ್ಮ ಶಾಲೆಯವನಲ್ಲ. ಬಾಗಿಲು ಮುಚ್ಚಿಕೊಂಡಿತು, ಬಸ್ಸು ಹೊರಟೇಬಿಟ್ಟಿತು. ಕೂಗಿಕೊಂಡು ಓಡಿದೆ. ಹಿಂದಿನ ಗಾಜಿನಲ್ಲಿ ಭಾಮೈದ ಕಾಣಿಸಿದ. ಅವನು ನಕ್ಕು ಕೈಬೀಸಿದ, ನಾನು ಬೀಳ್ಕೊಡುತ್ತಿದ್ದೇನೆ ಎಂದುಕೊಂಡನೋ ಏನೋ. ಬಸ್ಸು ತಿರುವು ದಾಟಿತು. ಬಗ್ಗಿ ನೋಡಿದರೆ ನನ್ನ ವಿಮೆಯಿಲ್ಲದ ಕಾಲುಗಳೆರಡೂ ಮೊಣಕಾಲವರೆಗೆ ಹಿಮದಲ್ಲಿದ್ದವು. ವಸತಿಗೃಹ ಕೆಳಗೆ, ಎರಡು ಮೈಲಿ, ಪೂರ್ತಿ ಇಳಿಜಾರು.