ಸಿಂಗಾಪುರದ ಗಾಡಿಗೆ ಟವೆಲ್ ಹಾಕಿದವನು

ಗದಗ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದವನಿಗೆ ಸೀಟು ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ಅವನದು. ಮಂತ್ರಿ ಬಂದರೂ ಎಬ್ಬಿಸುವಂತಿಲ್ಲ. ಬೆಟಗೇರಿಯ ಗಾದಿ ಅಂಗಡಿಯ ಇಜಾಜ ಈ ಕಾನೂನನ್ನು ಮಲೇಷಿಯಾದ ತನಕ ಹೊತ್ತುಕೊಂಡು ಹೋಗಿದ್ದ.

ಬೆನ್ನಿಗೊಂದು ಬ್ಯಾಗ್ ಏರಿಸಿ ಆ ದೇಶವನ್ನೆಲ್ಲ ಬಸ್ಸಿನಲ್ಲೇ ಸುತ್ತಿದವನು ಇವತ್ತು ಸೇತುವೆ ದಾಟಿ ಸಿಂಗಾಪುರಕ್ಕೆ ಹೊರಟಿದ್ದ. ನೀರು ಉಗುಳುವ ಸಿಂಹದ ಮುಂದೆ ನಿಂತು ವಿಡಿಯೋ ಕಾಲ್ ಮಾಡುತ್ತೇನೆಂದು ಹೆಂಡತಿ ನಜಮಾಗೆ ಮಾತು ಕೊಟ್ಟಿದ್ದ. ಅವಳು ಓಣಿಗೆಲ್ಲ ಡಂಗುರ ಹೊಡೆದಿದ್ದಳು. ವೀಸಾ ಒಂದೇ ಸಲ ಒಳಗೆ ಬಿಡುವಂಥದ್ದು. ಇವತ್ತು ತಪ್ಪಿದರೆ ಓಣಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ.

ಫೋನಿನೊಳಗೆ ಆಗಲೇ ಅರ್ಧ ಓಣಿ ತುಂಬಿತ್ತು.

“ಏ ಇಜಾಜ, ಸಮುದ್ರ ತೋರ್ಸೋ!” ಎಂದಳು ಪಕ್ಕದ ಮನೆಯ ಸಾವಕ್ಕ.

“ನೋಡ ಸಾವಕ್ಕಾ, ಆ ದಂಡಿ ಮಲೇಷಿಯಾ, ಈ ದಂಡಿ ಸಿಂಗಾಪುರ! ನಡುವ ನಾನು!” ಅವನ ಎದೆ ಶೇಂಗಾ ಒಡೆಯುವ ಯಂತ್ರದಂತೆ ದಡಬಡ ಬಡಿಯುತ್ತಿತ್ತು.

“ಗಾಡಿ ಕಂಡೀಶನ್ ಛಲೋ ಐತಿ ಬಿಡು,” ಎಂದ ಫೋನಿನೊಳಗಿಂದ ಮೈಲಾರಪ್ಪ ಕಾಕಾ. ಲಕ್ಷ್ಮೇಶ್ವರ, ಶಿರಹಟ್ಟಿ ಗಾಡಿಗಳಲ್ಲಿ ಕಂಡಕ್ಟರಾಗಿ ನಿವೃತ್ತನಾದವನು. ಜಗತ್ತಿನ ಯಾವ ಬಸ್ಸೂ ತನ್ನ ಸೀಟಿಯಿಲ್ಲದೆ ಹೊರಡುವುದಿಲ್ಲವೆಂದು ನಂಬಿದವನು.

ಸೇತುವೆ ಮುಗಿದು, ಸಿಂಗಾಪುರದ ತಪಾಸಣೆ ಕಟ್ಟಡದಲ್ಲಿ ಬಸ್ಸು ನಿಂತಿತು. ಎಲ್ಲರೂ ಗಂಟುಮೂಟೆ ಸಮೇತ ಇಳಿಯತೊಡಗಿದರು.

“ಕಾಕಾ, ಎಲ್ಲಾರೂ ಸಾಮಾನು ತಗೊಂಡು ಇಳ್ಯಾಕತ್ತಾರಲ್ಲ?”

“ಹುಚ್ಚರದಾರ ಅವರು. ಬ್ಯಾಗ್ ತಗದಿ ಅಂದ್ರ ಕಿಟಕಿ ಸೀಟು ಹೋತು! ಮ್ಯಾಲೆ ಟವೆಲ್ ಹೊಚ್ಚು, ಪಾಸ್‌ಪೋರ್ಟ್ ಅಷ್ಟ ಹಿಡಕೊಂಡು ಇಳಿ!”

ಪಕ್ಕದಲ್ಲಿ ಕುಳಿತಿದ್ದ ಮಲಯ ಹೆಂಗಸು ಬ್ಯಾಗಿನ ಕಡೆ ಬೆರಳು ಮಾಡಿ, ಕೈ ಬೀಸಿ ಏನೇನೋ ಹೇಳಿದಳು. ಇಜಾಜ ಕಣ್ಣು ಕೆಂಪಗೆ ಮಾಡಿದ.

“ಏನ್ ಶಾಣ್ಯಾಕಿ ಅದಾಳ ನೋಡ್ರಿ ಕಾಕಾ! ನನ್ನ ಸೀಟಿಗೆ ಕಣ್ಣು ಹಾಕ್ಯಾಳ!”

ಟವೆಲಿನ ನಾಲ್ಕೂ ಮೂಲೆ ಎಳೆದು ಸರಿಮಾಡಿ, ಫೋನು ಕಿಸೆಗಿಟ್ಟು, ಮದುಮಗನ ಗತ್ತಿನಲ್ಲಿ ಇಳಿದ.

ಅಧಿಕಾರಿ ಅವನ ಬೆರಳಚ್ಚು ತೆಗೆದುಕೊಂಡು, ಮುಖ ನೋಡಿ, ‘ವೆಲ್‌ಕಮ್’ ಎಂದ. ಇಜಾಜನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಮೆಟ್ಟಿಲು ಇಳಿದು ಆಚೆ ಓಡಿದ. ಅದೇ ಬಣ್ಣದ ಬಸ್ಸು ನಿಂತಿತ್ತು. ಹತ್ತಿ ನೋಡಿದರೆ ಅವನ ಸೀಟಿನಲ್ಲಿ ಅಕ್ಕಿ ಮೂಟೆಯಂಥ ಆಸಾಮಿ! ಬಸ್ಸೇ ಬೇರೆ. ಅವನದು ಯಾವಾಗಲೋ ಹೋಗಿತ್ತು. ಇಲ್ಲಿ ಯಾವ ಗಾಡಿಯೂ ಯಾರಿಗಾಗಿಯೂ ಕಾಯುವುದಿಲ್ಲ. ಹಿಂದೆ ಬಂದದ್ದನ್ನು ಹತ್ತಬೇಕು, ಅಷ್ಟೇ.

“ಕಾಕಾ! ಗಾಡಿ ಇಲ್ಲ, ಬ್ಯಾಗೂ ಇಲ್ಲ!” ಕಿಸೆಯಿಂದ ಫೋನು ತೆಗೆದು ಕೂಗಿದ.

“ಗಾಬರಿ ಆಗಬ್ಯಾಡ. ಗಾಡಿ ಮಲೇಷಿಯಾಕ್ಕ ಹೊಳ್ಳಿ ಹೋಗೈತಿ. ನಮ್ಮ ಶಿರಹಟ್ಟಿ ಗಾಡಿ ಹೊಳ್ಳತಿದ್ದಿಲ್ಲೇನು? ಎದುರಿನ ಗಾಡಿ ಹತ್ತಿ ಬೆನ್ನು ಹತ್ತಲೇ!”

“ಮತ್ತ ಸಿಂಹ?”

“ಸಿಂಹ ಕಲ್ಲಿಂದೈತಿ, ಎಲ್ಲಿಗೆ ಓಡತೈತಿ? ಬ್ಯಾಗ್ ಓಡಾಕತ್ತೈತಿ!”

ಇಜಾಜ ಓಡಿದ. ಹೊರಹೋಗುವ ಬಾಗಿಲಲ್ಲಿ ಅಧಿಕಾರಿಯೊಬ್ಬ ಪಾಸ್‌ಪೋರ್ಟನ್ನೂ ಅವನನ್ನೂ ಎರಡೆರಡು ಸಲ ನೋಡಿದ. ಇಷ್ಟು ಬೇಗ ಸಿಂಗಾಪುರ ನೋಡಿ ಮುಗಿಸಿದವನನ್ನು ಅವನು ಕಂಡಿರಲಿಲ್ಲವೇನೋ. ಸೇತುವೆಯಾಚೆ ಗಡ್ಡ ಬೆಳೆಯುವಷ್ಟು ಹೊತ್ತು ಸಾಲಿನಲ್ಲಿ ನಿಂತು, ಮಲೇಷಿಯಾ ಸ್ಟ್ಯಾಂಡಿನಲ್ಲಿದ್ದ ಗಾಡಿಗಳನ್ನೆಲ್ಲ ಹತ್ತಿ ಇಳಿದ. ಬ್ಯಾಗಿಲ್ಲ. ಒಂದು ಬೆಂಚಿನ ಮೇಲೆ ಕುಸಿದಾಗ ವೀಸಾ ನೆನಪಾಯಿತು. ಒಂದೇ ಸಲ! ಆ ಸಲ ಮುಗಿದುಹೋಗಿತ್ತು.

ನಜಮಾಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಬಹಳ ಹೊತ್ತಿಗೆ ಎತ್ತಿದಳು.

“ನಜಮಾ, ನಾ ಹೊರಗ ಉಳಿದ್ನಲ್ಲ...”

“ರೀ, ಇಡ್ರಿ ಫೋನು! ನಿಮ್ಮ ಬಾಜೂ ಕುಂತಾಕಿ ಪಾಪ, ನೀವು ಮರತೀರಿ ಅಂತ ಬ್ಯಾಗ್ ಇಳಿಸ್ಕೊಂಡಾಳ. ಬ್ಯಾಗಿನ ಪಟ್ಟಿಗೆ ನನ್ನ ನಂಬರ್ ಹೊಲದಿದ್ನಲ್ಲ, ಅದನ್ನ ನೋಡಿ ವಿಡಿಯೋ ಕಾಲ್ ಹಚ್ಚ್ಯಾಳ. ನೀವು ಎಲ್ಲಿ ಸಿಗ್ತೀರಿ ಅಂತ ಸನ್ನೆ ಮಾಡಿ ಕೇಳಿದ್ಲು. ಬ್ಯಾಗ್ ಸಿಗಲಿಲ್ಲಂದ್ರ ನೀವು ಹೊಳ್ಳಿ ಸಿಂಹದ ಕಡೆನ ಬರ್ತೀರಿ ಅಂತ ಮೈಲಾರಪ್ಪ ಕಾಕಾ ಸಿಂಹದಂಗ ಗುಡುಗಿ ತೋರಿಸಿದ್ರು, ಆಕಿಗೆ ತಿಳೀತು! ಈಗ ಆ ಸಿಂಹದ ಮುಂದನ ನಿಂತಾಳ. ಯವ್ವಾ, ಏನ್ ನೀರು! ಏನ್ ಕಟ್ಟಡಾ!”

ಹಿಂದೆ ಸಾವಕ್ಕನ ಕೇಕೆ. ಓಣಿಗೆ ಓಣಿಯೇ ಚಪ್ಪಾಳೆ.

“ನಜಮಾ, ನನ್ನ ಗತಿ?”

“ನೀವು ಆಮ್ಯಾಲೆ ಹಚ್ರಿ. ನಡುವ ನಡುವ ಫೋನ್ ಮಾಡಿದ್ರ ಇಲ್ಲೆ ವಿಡಿಯೋದಾಗ ಸಿಂಗಾಪುರ ನಿಂತು ನಿಂತು ಬರತೈತಿ!”