ಕಾಂತರಾಜು ಮಾಡಿದ ವಂದನಾರ್ಪಣೆ

ಟೈಲರ್ ಕಾಂತರಾಜುವಿಗೆ ಇದ್ದ ಒಂದೇ ದುರಭ್ಯಾಸವೆಂದರೆ ಥ್ಯಾಂಕ್ಸ್ ಹೇಳುವುದು. ಹುಲ್ಲಹಳ್ಳಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದೆ ಇಳಿಸಿದರೂ ಥ್ಯಾಂಕ್ಸ್ ಹೇಳಿಯೇ ಇಳಿಯುವ ಆಸಾಮಿ. ಅಂಥವನನ್ನು ಜಗಳಕ್ಕೆ ಕಳಿಸಬೇಕೆಂದು ಬೀದಿಯವರಿಗೆ ಯಾಕೆ ಅನ್ನಿಸಿತೋ ದೇವರೇ ಬಲ್ಲ.

ಜಗಳ ನೀರಿನ ಕಂದಾಯದ್ದು. ತಿಂಗಳಿಗೆ ಅರವತ್ತು ರೂಪಾಯಿ ಇದ್ದದ್ದನ್ನು ಪಂಚಾಯಿತಿ ನೂರಿಪ್ಪತ್ತು ಮಾಡಲು ಹೊರಟಿತ್ತು. ಅವತ್ತಿನ ಗ್ರಾಮಸಭೆಯಲ್ಲಿ ಅದರ ತೀರ್ಮಾನ. ಎಲ್ಲರೂ ರೆಡಿಮೇಡ್ ಹಾಕುವ ಕಾಲ. ಬಾಡಿಗೆ ಕಟ್ಟಲಾರದೆ ಕಾಂತರಾಜು ಅಂಗಡಿ ಬಿಟ್ಟು ಮನೆಯ ಜಗಲಿಯಲ್ಲೇ ಮಷೀನು ಇಟ್ಟುಕೊಂಡಿದ್ದ. ವಾರಕ್ಕೆ ನಾಲ್ಕು ರವಿಕೆ ಬಂದರೆ ಹೆಚ್ಚು.

"ಗ್ಯಾಸು, ಎಣ್ಣೆ, ಬೇಳೆ ಎಲ್ಲಾ ಏರೈತೆ. ನೀರೂ ಏರಿದ್ರೆ ಏನ್ ಕುಡಿಯದು? ಇವತ್ತಾದ್ರೂ ಬಾಯ್ಬಿಟ್ಟು ಕೇಳಿ," ಎಂದು ಹೆಂಡತಿ ಪಲ್ಲವಿ, ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗೆ ತುರುಕಿದಳು.

ಶಾಲೆಯ ಮುಂದೆ ಶಾಮಿಯಾನ ಹಾಕಿತ್ತು. ಪಿಡಿಒ ರವಿಚಂದ್ರ ಪಟ್ಟಿ ಹಿಡಿದು ಓಡಾಡುತ್ತಿದ್ದರು. "ಸಾ, ನಂಗೂ ಎರಡು ಮಾತಾಡಕ್ಕೆ..." ಎಂದ ಕಾಂತರಾಜು.

"ಮಾತಾಡೋರ ಲಿಸ್ಟ್ ಫುಲ್ ಆಗಿದೆ. ವಂದನಾರ್ಪಣೆ ಮಾಡಬೇಕಿದ್ದ ಮೇಷ್ಟ್ರು ಮಾತ್ರ ಬಂದಿಲ್ಲ. ಬೇಕಾದ್ರೆ ಅದನ್ನ ಮಾಡಿ."

"ಥ್ಯಾಂಕ್ಸ್ ಸಾ," ಎಂದುಬಿಟ್ಟ.

ಪಕ್ಕದ ಮನೆಯ ರುದ್ರಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, "ಓಗ್ಲಿ ಬುಡು, ಮೈಕಂತೂ ಸಿಕ್ತಲ್ಲ. ನಾಕು ಜನಕ್ಕೆ ವಂದನೆ ಯೋಳಿ, ಸೀದಾ ಕಂದಾಯದ ಇಚಾರಕ್ಕೆ ಬಾ. ನಾಕರಲ್ಲಿ ನಾನೂ ಒಬ್ಳು. ಈ ಜಮಖಾನ ನಮ್ಮನೇದು ಕಣಪ್ಪಾ," ಎಂದಳು.

ಅಲ್ಲಿಂದ ಶುರುವಾಯಿತು. ಮೈಕ್‌ಸೆಟ್ಟಿನ ಮದನ್ ತನ್ನ ಹೆಸರಿನ ಜೊತೆ ಫೋನ್ ನಂಬರೂ ಬರೆದ ಚೀಟಿ ಕೊಟ್ಟ. ಕುರ್ಚಿ ಕೊಟ್ಟವರು, ಕೇಸರಿಬಾತಿಗೆ ತುಪ್ಪ ಕೊಟ್ಟವರು, ಏನೂ ಕೊಡದೆ ಬಂದು ಕೂತವರು, ಎಲ್ಲರೂ ಚೀಟಿ ಕೊಟ್ಟರು. ಒಂದು ಹೆಸರು ಬಿಟ್ಟರೂ ಒಬ್ಬ ಗಿರಾಕಿ ಹೋದಂತೆ. ಕಾಂತರಾಜುವಿನ ಜೇಬು ಹತ್ತಿ ತುಂಬಿದ ದಿಂಬಿನಂತೆ ಉಬ್ಬಿತು.

ಕೊನೆಗೆ ಮೈಕ್ ಕೈಗೆ ಬಂದಾಗ ಕೇಸರಿಬಾತಿನ ಪಾತ್ರೆಯ ಮುಚ್ಚಳ ತೆಗೆದಾಗಿತ್ತು, ಅರ್ಧ ಸಭೆ ಎದ್ದು ನಿಂತಿತ್ತು. ಅವನು ಚೀಟಿ ತೆಗೆದು ಓದಿದ, ತೆಗೆದು ಓದಿದ. ಪಲ್ಲವಿಯ ಚೀಟಿ ಮಾತ್ರ ಸಿಗಲೇ ಇಲ್ಲ. ಮೈಯೆಲ್ಲ ಬೆವೆತು ತಲೆಯೆತ್ತಿದರೆ, ಊರಿಗೆ ನೀರು ಬಿಡುವ ನೀರುಗಂಟಿ ಚಾಮಯ್ಯ ಕಂಬಕ್ಕೊರಗಿ ನಿಂತದ್ದು ಕಣ್ಣಿಗೆ ಬಿತ್ತು. ಅವನು ಚೀಟಿ ಕೊಟ್ಟಿರಲಿಲ್ಲ.

"ಓದ್ ಬ್ಯಾಸಗೇಲಿ ಮೋಟ್ರು ಸುಟ್ಟೋಗಿ ಎಂಟ್ ದಿನ ನೀರಿರ್ಲಿಲ್ಲ," ಎಂದ ಕಾಂತರಾಜು. "ನಮ್ಮವ್ವ ಆಸಿಗೆ ಇಡಿದಿದ್ಲು. ಈ ಚಾಮಯ್ಯ ದಿನಾ ಸೈಕಲ್ ಮೇಲೆ ಎರಡು ಕೊಡ ತಂದು ಮಡಗಿ ಓಗೋನು. ಅಧ್ಯಕ್ಷರು ಪುಟ್ಟಮಾದಮ್ಮೋರು ಟ್ಯಾಂಕರ್ ಮುಂದೆ ಕೊಡ ಇಡ್ಕಂಡು ಎಲ್ರಿಗಿಂತ ಕೊನೇಲಿ ನಿಂತಿದ್ರು. ನಮ್ಮವ್ವ ಕೊನೇಗೆ ಕುಡಿದಿದ್ದು ನೀವು ಕೊಟ್ಟ ನೀರನ್ನೇ. ಅವತ್ತು ಯೋಳಾಕಾಗ್ನಿಲ್ಲ. ಇವತ್ತು ಯೋಳ್ತಾ ಇವ್ನಿ." ಕೇಸರಿಬಾತಿನ ಕಡೆ ಹೊರಟವರೂ ನಿಂತರು. ಚಾಮಯ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಪುಟ್ಟಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಮೂರ್ ವರ್ಸಾಯ್ತು ಈ ಕುರ್ಚೀಲಿ ಕುಂತು. ಬೀದಿ ದೀಪ ಉರೀನಿಲ್ಲ ಅಂತ ಬೈದೋರೇ ಎಲ್ಲಾ. ಒಳ್ಳೆ ಮಾತಾಡ್ದೋನು ಇವನೊಬ್ನೇ. ರವಿಚಂದ್ರಪ್ಪೋರೇ, ಮನೆಗಳಿಗೆ ಕಂದಾಯ ಏರ್ಸೋದು ಬ್ಯಾಡ. ಆ ಸಾಲು ಒಡೆದಾಕಿ!"

ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲೇ ಪಿಡಿಒ, "ಹಾಗಾದ್ರೆ ಚಾಮಯ್ಯನ ಸಂಬಳಕ್ಕೇನಮ್ಮ ಮಾಡೋದು?" ಎಂದು ಕೇಳಿದರು. ಪುಟ್ಟಮಾದಮ್ಮ ಅವರ ಕಿವಿಯಲ್ಲಿ ಏನೋ ಹೇಳಿದರು. ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಕಾಂತರಾಜುವಿಗೆ ಶಾಲು ಹೊದಿಸಿದರು, ಕೈಗೆ ಕೇಸರಿಬಾತಿನ ತಟ್ಟೆ ಕೊಟ್ಟರು. ಪಿಡಿಒ ನಡಾವಳಿ ಪುಸ್ತಕ ಹಿಡಿದು, "ಇದೆಲ್ಲ ನಿಮ್ಮಿಂದಲೇ ಆಗಿದ್ದು, ಸೂಚಕರು ಅನ್ನೋ ಕಡೆ ನೀವೇ ಸೈನ್ ಹಾಕಿ," ಎಂದರು. ಓದಲು ಪುರುಸೊತ್ತೆಲ್ಲಿ? ಥ್ಯಾಂಕ್ಸ್ ಹೇಳಿ ಸಹಿ ಹಾಕಿದ.

ಇಡೀ ಬೀದಿ ಅವನನ್ನು ಮೆರವಣಿಗೆಯಂತೆ ಮನೆಗೆ ಬಿಟ್ಟುಹೋಯಿತು. ಪಲ್ಲವಿ, ಮದುವೆಯಾದ ಮೇಲೆ ಮೊದಲ ಸಲ, ಗಂಡನನ್ನು ಮೆಚ್ಚಿ ನೋಡಿದಳು. ಗಟ್ಟಿ ಹಾಲಿನ ಕಾಫಿ ಕೊಟ್ಟಳು.

ಸಂಜೆ ಚಾಮಯ್ಯ ಒಂದು ನೋಟಿಸ್ ತಂದುಕೊಟ್ಟ. ಪಲ್ಲವಿ ಗಟ್ಟಿಯಾಗಿ ಓದಿದಳು. "ಮನೆಗಳ ನೀರಿನ ಕಂದಾಯ ಮೊದಲಿನಂತೆ ಅರವತ್ತು. ಮನೆಯಲ್ಲೇ ಅಂಗಡಿ ನಡೆಸುವವರಿಗೆ ತಿಂಗಳಿಗೆ ಮುನ್ನೂರು." ಬೀದಿಯಲ್ಲಿ ಅಂಥ ಮನೆ ಒಂದೇ ಇತ್ತು. ಅವಳು ಇನ್ನೂ ಕೆಳಗೆ ನೋಡಿದಳು. "ಸೂಚಕರು, ಕಾಂತರಾಜು. ಏನ್ರೀ, ಇದು ಯಾರ ಸೈನು?"

ಕಾಂತರಾಜು ಕಾಫಿ ಲೋಟ ಕೆಳಗಿಟ್ಟ. ಜೀವಮಾನದಲ್ಲಿ ಒಮ್ಮೆಯಾದರೂ ಯಾರನ್ನಾದರೂ ಬೈಯಬೇಕೆಂದು ಚಾಮಯ್ಯನ ಕಡೆ ತಿರುಗಿದ.

ಚಾಮಯ್ಯ ಕೈಮುಗಿದು ನಿಂತಿದ್ದ. "ಕಾಂತಣ್ಣ, ನಿಮ್ಮಿಂದ ನನ್ನ ಸಂಬ್ಳ ಉಳೀತು. ಸಾಯಗಂಟ ಮರೆಯಕಿಲ್ಲ. ನಾಳಿಂದ ನಿಮ್ ಬೀದಿಗೇ ಮೊದ್ಲು ನೀರು ಬುಡ್ತೀನಿ."

ಕಾಂತರಾಜು ಬಾಯಿ ತೆರೆದ.

"ತುಂಬಾ ಥ್ಯಾಂಕ್ಸ್ ಕಣಪ್ಪಾ," ಎಂದ.