ಐದು ಮಕ್ಕಳು, ಆರು ಎಣಿಕೆ

ಜನವರಿ ಹನ್ನೆರಡು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹಾವೇರಿಯ ನಮ್ಮ ಮನೆಯ ಅಂಗಳದಲ್ಲಿ ನಮ್ಮ ಮಾಮ ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಣಿಸಿ, 'ಆರು' ಎಂದ.

ನನಗೆ ಆಶ್ಚರ್ಯವಾಗಲಿಲ್ಲ. ಇದು ಎಂಟನೆಯ ಸಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ಚೀಲ ಎಣಿಸಿ ಒಂದೇ ಒಂದು ಚೀಲ ತಪ್ಪದ ಮನುಷ್ಯನಿಗೆ ಐದು ಮಕ್ಕಳನ್ನು ಎಣಿಸಲು ಬರುವುದಿಲ್ಲ! ನೀವು ನಂಬುವುದಿಲ್ಲ, ಗೊತ್ತು. ಅದಕ್ಕೇ ನಾನು ಡೈರಿ ಇಟ್ಟಿದ್ದೇನೆ.

ಮಾಮ ನಮ್ಮ ಅವ್ವನ ತಮ್ಮ. ಮನೆಯಲ್ಲಿ ದೊಡ್ಡವರು ಕರೆಯುವುದನ್ನು ಕೇಳಿ ಮೊಮ್ಮಕ್ಕಳೂ ಅವನನ್ನು 'ಮಾಮಾ' ಎಂದೇ ಕರೆಯುತ್ತವೆ. ದಲಾಲಿ ಅಂಗಡಿಯೊಂದರಲ್ಲಿ ಲಾರಿಗೆ ಹೇರುವ ಚೀಲಗಳ ಲೆಕ್ಕ ಅವನದು. ಹಮಾಲರು ಚೀಲ ಹೊತ್ತು ಹಲಗೆ ಹತ್ತುವಾಗ ಪಕ್ಕದಲ್ಲಿ ನಿಂತು ಒಂದೊಂದನ್ನೂ ಅಂಗೈಯಿಂದ ತಟ್ಟಿ 'ಲಾಭ, ಎರಡು, ಮೂರು' ಎನ್ನುತ್ತಾನೆ. ಒಂದು ಎನ್ನುವ ಕಡೆ ಲಾಭ ಎನ್ನುವುದು ನಮ್ಮ ಕಡೆಯ ಹಳೆಯ ರೂಢಿ. ರಾಶಿ ಅಳೆಯುವಾಗಲೂ ಹಾಗೆಯೇ. ಒಮ್ಮೆ ತಟ್ಟಿದ ಚೀಲ, ಆ ಕಡೆ ಇಳಿಸಿಕೊಂಡವರು ಸಹಿ ಮಾಡುವ ತನಕ, ಅವನ ಜವಾಬ್ದಾರಿ. ಲಾರಿ ಎಷ್ಟು ದೂರ ಹೋದರೂ ಸರಿ, ಸಹಿ ಬಾರದೆ ಅವನಿಗೆ ಊಟ ಸೇರುವುದಿಲ್ಲ.

ಭಾನುವಾರ ಪೇಟೆ ಇಲ್ಲ, ಎಣಿಸಲು ಏನೂ ಇಲ್ಲ, ಅಂಗೈ ತುರಿಸುತ್ತದೆ. ಆಗ ಮೊದಲ ಬಸ್ಸಿಗೆ ಹಾವೇರಿಗೆ ಬಂದು ನಮ್ಮ ಮಕ್ಕಳನ್ನು ವ್ಯಾನಿಗೆ ಹೇರುತ್ತಾನೆ. ಅಣ್ಣನ ಮೂವರು, ಅಕ್ಕನ ಇಬ್ಬರು. ಎಲ್ಲರೂ ಒಂಬತ್ತು ವರ್ಷದ ಒಳಗಿನವರು. ಎಲ್ಲರಿಗಿಂತ ಸಣ್ಣವಳು ಅಕ್ಕನ ಮಗಳು ಸಿಂಚನಾ, ನಾಲ್ಕೂವರೆ ವರ್ಷ. ಜಾತ್ರೆಗೆ, ಸಿನಿಮಾಕ್ಕೆ ಕರೆದೊಯ್ಯುವವರು ಬೇಕಾದಷ್ಟು ಮಂದಿ ಇದ್ದಾರಂತೆ. ತಾನು ಮಕ್ಕಳಿಗೆ ಪ್ರಾಣಿ ತೋರಿಸಬೇಕು, ವಿಜ್ಞಾನ ತೋರಿಸಬೇಕು ಎಂಬುದು ಅವನ ಹಟ.

ಆರು ಎಂದು ಎಣಿಸುವವನ ಕೈಗೆ ಅಕ್ಕ ಮಕ್ಕಳನ್ನು ಕೊಡುವುದುಂಟೇ? ಜೂನ್‌ನಲ್ಲೇ ಷರತ್ತು ಹಾಕಿದಳು. ಎಣಿಸಲು ನಾನು ಜೊತೆಗೆ ಹೋಗಬೇಕು. ಒಂದು ಸಲ, ಒಂದೇ ಒಂದು ಸಲ ಏನಾದರೂ ಹೆಚ್ಚುಕಡಿಮೆಯಾದರೆ ಅಲ್ಲಿಗೆ ಮಾಮನ ಭಾನುವಾರ ಬಂದ್. ಮಾಮ ಒಪ್ಪಿದ. ಅಂದಿನಿಂದ ಡೈರಿಯಲ್ಲಿ ಎರಡು ಕಾಲಂ: 'ನನ್ನ ಎಣಿಕೆ', 'ಮಾಮನ ಎಣಿಕೆ'. ಏಳು ಪ್ರವಾಸ, ಏಳು ಸಲ ನನ್ನದು ಐದು, ಏಳು ಸಲ ಅವನದು ಆರು. ಗುರುತು ಹಾಕುವುದು ಹಿಂದಿರುಗುವಾಗಿನ ಎಣಿಕೆಗೆ; ಅವನ ಕಾಲಂನಲ್ಲಿ ಏಳು ಕೆಂಪು ತಪ್ಪು ಗುರುತು.

ಯಾಕೆ ಆರು? ನನ್ನ ಮೊದಲ ಊಹೆ, ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಕೇಳಿದೆ. ಎಣಿಸುವವನು ಚೀಲದಾಗ ಬರ್ತಾನೇನು ಎಂದು ನಕ್ಕ. ಎರಡನೆಯ ಊಹೆ, ಸಂತೆಯಲ್ಲಿ ಕೊಸರು ಹಾಕುವ ಹಾಗೆ ಮೇಲೊಂದು ಹಾಕುತ್ತಾನೆ. ಅದನ್ನೂ ಕೇಳಿದೆ. ಉತ್ತರ ಯಾವಾಗಲೂ ಒಂದೇ: 'ಲೆಕ್ಕ ಬರೋಬ್ಬರಿ ಐತಿ. ನೀ ಬರಕೋ.' ಬರೆದುಕೊಳ್ಳದೆ ಏನು ಮಾಡಲಿ? ಎಣಿಕೆ ಶುರುವಾಗುವಾಗ ಪ್ರತಿ ಸಲ ನನ್ನ ತಲೆಯ ಮೇಲೆ ಮೆಲ್ಲಗೊಂದು ಪೆಟ್ಟು ಬೀಳುತ್ತದೆ. 'ಬರಕೋ' ಎಂಬ ಸೂಚನೆ. ನಾನು ತಲೆ ತಗ್ಗಿಸಿ ಗಂಟೆ, ನಿಮಿಷ ಬರೆಯತೊಡಗುತ್ತೇನೆ.

ಎಣಿಕೆಗಿಂತ ಮೊದಲು ಚೀಟಿಯ ಕೆಲಸ. ಪೇಟೆಯಲ್ಲಿ ಪ್ರತಿ ಚೀಲಕ್ಕೂ ಮಾಲು ಯಾರದು ಎಂದು ತಿಳಿಸುವ ಚೀಟಿ ಇರುತ್ತದಲ್ಲ, ಹಾಗೆ ಪ್ರತಿ ಮಗುವಿಗೂ ಒಂದು ಚೀಟಿ: ಹೆಸರು, ತಂದೆಯ ಹೆಸರು, ಮಾಮನ ಫೋನ್ ನಂಬರು. ಪಿನ್ನು ಚುಚ್ಚುತ್ತದೆಂದು ಪಿನ್ನು ಬಳಸುವುದಿಲ್ಲ. ಬದಲಿಗೆ ದಬ್ಬಣ! ಚೀಲದ ಬಾಯಿ ಹೊಲಿಯುವ ಅದೇ ದಬ್ಬಣ, ಅದೇ ಸುತಳಿ. ಅಂಗಿ ಬಿಚ್ಚಿಸಿ, ಬೆನ್ನ ಮೇಲೆ ನಾಲ್ಕು ಹೊಲಿಗೆ ಹಾಕಿ, ಮತ್ತೆ ತೊಡಿಸುತ್ತಾನೆ. ರಾಣೆಬೆನ್ನೂರಿನಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು, ಇದು ಯಾವ ಸ್ಪರ್ಧೆ, ತಮ್ಮ ಮಗನ ಹೆಸರು ಎಲ್ಲಿ ಹಚ್ಚಿಸಬೇಕು ಎಂದು ವಿಚಾರಿಸಿದರು. ನಾನು ಅಂದು ನಾಚಿಕೆಯಿಂದ ಮಕ್ಕಳಿಗಿಂತ ಹತ್ತು ಹೆಜ್ಜೆ ಹಿಂದೆ ನಡೆದೆ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ರಾಣೆಬೆನ್ನೂರಿಗೆ ಹೋಗುವುದು ಕೃಷ್ಣಮೃಗ ನೋಡಲು. ಇಲ್ಲಿ ಮಾಮನ ಮೂಗಿನ ವಿಷಯ ಹೇಳಲೇಬೇಕು. ಬ್ಯಾಡಗಿ ಪೇಟೆಗೆ ಹೊಸಬರು ಕಾಲಿಟ್ಟರೆ ಸೀನಿ ಸೀನಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಮಾಮ ಅಲ್ಲಿ ಒಮ್ಮೆಯೂ ಸೀನಿದವನಲ್ಲ. ಅವನ ಮೂಗಿಗೆ ಒಗ್ಗದಿರುವುದು ಶುದ್ಧ ಗಾಳಿ! ಮರಗಿಡ ಇರುವ ಕಡೆ ಹೋದರೆ ಸಾಕು, ತಗಡಿನ ಮೇಲೆ ಕಲ್ಲು ಬಿದ್ದಂಥ ಸೀನು. ಅಭಯಾರಣ್ಯದಲ್ಲಿ ಉಸಿರು ಬಿಗಿಹಿಡಿದು, ಮಕ್ಕಳ ಬಾಯಿ ಮುಚ್ಚಿಸಿ, ಹುಲ್ಲಿನಾಚೆ ಮೇಯುತ್ತಿರುವ ಹಿಂಡಿನ ಕಡೆ ಬೆರಳು ತೋರಿಸುತ್ತಾನೆ. ಅವು ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಸೀನುತ್ತಾನೆ. ಮೂರು ಭೇಟಿಗಳ ಒಟ್ಟು ಲೆಕ್ಕ: ಸೀನು ಹನ್ನೊಂದು, ಕಂಡ ಕೃಷ್ಣಮೃಗದ ಹಿಂಭಾಗ ಇಪ್ಪತ್ತಾರು, ಮುಖ ಸೊನ್ನೆ.

ಸಿಂಚನಾ ಬಾಲವಾಡಿಯಲ್ಲಿ ಕೃಷ್ಣಮೃಗದ ಚಿತ್ರ ಬರೆದಳು. ಎರಡು ಕಾಲು, ಒಂದು ಬಾಲ. ಮುಖ ಎಲ್ಲಿ ಎಂದು ಟೀಚರ್ ಕೇಳಿದ್ದಕ್ಕೆ 'ಅದಕ್ಕ ಮುಖ ಇರೂದಿಲ್ರಿ ಟೀಚರ್, ನಾ ನೋಡೇನಿ' ಎಂದಳಂತೆ. ಅಕ್ಕ ಆ ಚಿತ್ರವನ್ನು ಮಾಮನಿಗೆ ತೋರಿಸಿದಾಗ ಮಾಮ ಬಹಳ ಹೊತ್ತು ನೋಡಿ, ಮೂಗು ಒರೆಸಿಕೊಂಡ.

ಆ ಜನವರಿಯ ಭಾನುವಾರ ಹೋದದ್ದು ವಿಜ್ಞಾನ ಕೇಂದ್ರಕ್ಕೆ. ಹೊರಡುವಾಗಲೇ ಮಾಮ ಹೊಸ್ತಿಲ ಮೇಲೆ ಒಂಟಿ ಸೀನು ಸೀನಿದ. ಒಂಟಿ ಸೀನಿಗೆ ಹೊರಟರೆ ಅವ್ವ ಬಿಡುತ್ತಾಳೆಯೇ? ಎಲ್ಲರನ್ನೂ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಮತ್ತೆ ಕಳಿಸಿದಳು. ನಷ್ಟವಾದದ್ದು ಹನ್ನೊಂದು ನಿಮಿಷ. ಹೊರಗೆ ಬಂದ ಮೇಲೆ ಚೀಟಿ ಗಟ್ಟಿ ಇದೆಯೇ ಎಂದು ಎಳೆದು ನೋಡಿ, ಪುನಃ ಎಣಿಸಿದ. ಆರು.

ವಿಜ್ಞಾನ ಕೇಂದ್ರದಲ್ಲಿ ಒಂದು ತೂಕದ ಯಂತ್ರವಿದೆ. ಮೇಲೆ ನಿಂತರೆ ಭೂಮಿಯ ಮೇಲೆ ನಿಮ್ಮ ತೂಕ ಎಷ್ಟು, ಚಂದ್ರನ ಮೇಲೆ ಎಷ್ಟು ಎಂದು ತೋರಿಸುತ್ತದೆ. ಮಾಮ ಹತ್ತಿದ. ಭೂಮಿಯ ಮೇಲೆ ಎಪ್ಪತ್ತೆರಡು ಕಿಲೋ, ಚಂದ್ರನ ಮೇಲೆ ಹನ್ನೆರಡು. ಇಳಿದ, ಮತ್ತೆ ಹತ್ತಿದ, ಯಂತ್ರದ ಅಡಿಗೆ ಬಗ್ಗಿ ನೋಡಿದ. ಅರವತ್ತು ಕಿಲೋ ಎಲ್ಲಿ ಹೋಯಿತು ಎಂಬುದು ಅವನ ಪ್ರಶ್ನೆ. ಅಲ್ಲಿನ ಸೆಳೆತ ಕಡಿಮೆ ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಎಲ್ಲ ಕೇಳಿ ಗಂಭೀರವಾಗಿ ತಲೆ ಆಡಿಸಿ, 'ಚಂದ್ರನ ಮ್ಯಾಲೆ ಪೇಟೆ ಮಾಡಾಕ ಆಗಂಗಿಲ್ಲ, ರೈತ ಹಾಳಾಗ್ತಾನ' ಎಂದ.

ಎದುರುಬದುರು ಕನ್ನಡಿ ಇರುವ ಕೋಣೆಯಲ್ಲಿ ಮಾತ್ರ ಗಾಬರಿಯಾದ. ಎತ್ತ ನೋಡಿದರೂ ಬೆನ್ನ ಮೇಲೆ ಚೀಟಿ ಹೊತ್ತ ಮಕ್ಕಳು! ಅಭ್ಯಾಸಬಲದಿಂದ ಎಣಿಸಲು ಹೊರಟು ನಲವತ್ತೆರಡಕ್ಕೆ ನಿಲ್ಲಿಸಿ, ಎಲ್ಲರನ್ನೂ ಹೊರಗೆ ದಬ್ಬಿಕೊಂಡು ಬಂದ.

ನಾಲ್ಕೂ ಐವತ್ತಕ್ಕೆ ವ್ಯಾನ್ ಹತ್ತಿದೆವು. ಮಕ್ಕಳು ಕಿಟಕಿಯ ಪಕ್ಕದ ಜಾಗಕ್ಕೆ ಜಗಳ ಹಚ್ಚಿದ್ದವು. ನಾನು ಮುಂದಿನ ಸಾಲಿನಲ್ಲಿ ಕುಳಿತು ದಿನದ ಲೆಕ್ಕ ಬರೆಯುತ್ತಿದ್ದೆ. ತಲೆಯ ಮೇಲೆ ಎಂದಿನ ಪೆಟ್ಟು ಬಿತ್ತು. ಹಿಂದಿನಿಂದ ಮಾಮನ ದನಿ: ಲಾಭ, ಎರಡು, ಮೂರು, ನಾಲ್ಕು, ಐದು.

ಐದು!

ಎಂಟನೆಯ ಪ್ರವಾಸದಲ್ಲಿ ಕೊನೆಗೂ ನಮ್ಮ ಎರಡು ಕಾಲಂ ತಾಳೆಯಾದವು. ನನಗಾದ ಸಂತೋಷ ಹೇಗೆ ಹೇಳಲಿ? ತಲೆ ಕೂಡ ಎತ್ತದೆ, ಲೆಕ್ಕ ಸರಿಯಾಗಿದೆ, ಹೊರಡಿ ಎಂದು ಡ್ರೈವರಿಗೆ ಹೇಳಿ, ಮಾಮನ ಕಾಲಂನಲ್ಲಿ ಮೊದಲ ಬಾರಿಗೆ ನೀಲಿ ಶಾಯಿಯಲ್ಲಿ ಸರಿ ಗುರುತು ಹಾಕಿದೆ. ಪಕ್ಕದಲ್ಲಿ 'ಅಂತೂ ಕಲಿತ' ಎಂದೂ ಬರೆದೆ.

ಆರು ನಿಮಿಷ ಗಾಡಿ ಓಡಿತು. ಆಮೇಲೆ ಹಿಂದಿನ ಸೀಟಿನಿಂದ ಸಣ್ಣ ದನಿಯಲ್ಲಿ, 'ಗಾಡಿ ನಿಂದರಸ್ರಿ. ಒಂದು ಕಡಿಮಿ ಐತಿ' ಎಂದ.

'ಮಾಮಾ, ಐದು ಮಕ್ಕಳು, ಐದು ಎಣಿಕೆ. ಇವತ್ತ ಬರೋಬ್ಬರಿ ಐತಿ' ಎಂದೆ.

'ಇಲ್ಲವ್ವಾ. ಆರು ಇರಬೇಕು. ನೀ ಹೊಳ್ಳಿ ನೋಡು.'

ತಿರುಗಿ ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಸಿಂಚನಾಳ ಜಾಗದಲ್ಲಿ ಅವಳ ಅಣ್ಣ ಕಾಲು ಚಾಚಿ ಕುಳಿತಿದ್ದ.

ವ್ಯಾನ್ ತಿರುಗಿತು. ವಾಪಸು ಹೋಗುವ ಆರು ನಿಮಿಷ ನಾನು ಏನನ್ನೂ ಬರೆಯಲಿಲ್ಲ; ಡೈರಿಯಲ್ಲಿ ಆ ಜಾಗ ಖಾಲಿ ಇದೆ. ಅಕ್ಕನ ಮುಖ, ರಸ್ತೆ, ಲಾರಿಗಳು, ಏನೇನೋ ಕಣ್ಣ ಮುಂದೆ ಬಂದವು. ಮಾಮ ಬೈಯಲಿಲ್ಲ. 'ಓದಿದ ಹುಡುಗಿ ಸರಿ ಅಂದ್ಲು, ನಂದ ತಪ್ಪಿರಬೇಕು ಅಂತ ಸುಮ್ನ ಕುಂತೆ' ಎಂದು ತನಗೆ ತಾನೇ ಹೇಳಿಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಾಡಿ ನಿಲ್ಲುವ ಮೊದಲೇ ಮಾಮ ಜಿಗಿದು ಓಡಿದ. ಗೇಟಿನ ಒಳಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವನ ಜೇಬಿನ ಫೋನ್ ರಿಂಗಣಿಸಿತು. ಎದುರಿಗೇ ಬರುತ್ತಿದ್ದ ಕಾವಲುಗಾರ ಅಜ್ಜನ ಕಿವಿಯಲ್ಲಿ ಫೋನ್. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ 'ಹಲೋ' ಎಂದರು.

'ಹೆದರಬ್ಯಾಡ್ರಿ, ಕೂಸು ಹಿಂದಿನ ತ್ವಾಟದಾಗ ಐತಿ' ಎಂದ ಅಜ್ಜ. 'ಹೆಸರೇನವಾ ಅಂದ್ರ, ಬೆನ್ನ ಮ್ಯಾಲೆ ಬರದೈತಿ ಓದಕೋ ಅಂತ ಅಂತೈತ್ರಿ. ಎಬ್ಬಿಸಿದ್ರ ಏಳವಲ್ದು.'

ಹಿಂದಿನ ತೋಟದಲ್ಲಿ ಸಿಮೆಂಟಿನ ಪ್ರಾಣಿಗಳ ಸಾಲು. ಕೊನೆಯಲ್ಲಿ ಒಂದು ಕೃಷ್ಣಮೃಗ, ಮೂಗಿನ ಬಣ್ಣ ಸ್ವಲ್ಪ ಹೋಗಿದೆ. ಅದರ ಎದುರು ಚಕ್ಕಳಮಕ್ಕಳ ಹಾಕಿಕೊಂಡು, ಗಲ್ಲಕ್ಕೆ ಎರಡೂ ಕೈ ಕೊಟ್ಟು ಕುಳಿತಿದ್ದಾಳೆ ಸಿಂಚನಾ, ಬೆನ್ನ ಮೇಲೆ ಚೀಟಿ. ಮಾಮ ಅವಳ ಹತ್ತಿರ ಹೋದವನು ಮಾತಾಡಲು ಬಾಯಿ ತೆರೆದ. ಸುತ್ತ ಮರ, ಗಿಡ, ಶುದ್ಧ ಗಾಳಿ. ಸೀನಿದ.

ಸಿಂಚನಾ ಬೆಚ್ಚಿ ಮೊದಲು ನೋಡಿದ್ದು ಮೃಗವನ್ನು. ಅದು ಅಲ್ಲೇ ಇತ್ತು.

'ಮಾಮಾ, ನೀ ಸೀನಿದ್ರೂ ಇದು ಓಡಲಿಲ್ಲ ನೋಡು. ಇದಕ್ಕ ಮುಖ ಐತಿ.'

ಮಾಮ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟ. ಇಬ್ಬರೂ ಸೇರಿ ಮುಖ ನೋಡಿದರು. ನಾನು ಗಡಿಯಾರ ನೋಡಿದೆ: ಐದು ಗಂಟೆ ಒಂಬತ್ತು ನಿಮಿಷ. ಮಗು ನಮ್ಮ ಲೆಕ್ಕದಿಂದ ಹೊರಗಿದ್ದದ್ದು ಹತ್ತೊಂಬತ್ತು ನಿಮಿಷ. ಆ ಅಂಕಿಯನ್ನು ನನ್ನ ಕಾಲಂನಲ್ಲೇ ಬರೆದುಕೊಂಡೆ.

ಮತ್ತೆ ವ್ಯಾನ್ ಹತ್ತಿದೆವು. ಈ ಸಲ ಡೈರಿ ಮಡಚಿಟ್ಟು ತಲೆ ಎತ್ತಿ ಕುಳಿತೆ. ಮಾಮ ಬಾಗಿಲಲ್ಲಿ ನಿಂತು ಕೈ ಚಾಚಿದ. ಆ ಅಂಗೈ ಬಂದು ಬಿದ್ದದ್ದು ನನ್ನ ತಲೆಯ ಮೇಲೆ.

'ಲಾಭ' ಎಂದ. ಆಮೇಲೆ ಮಕ್ಕಳ ಕಡೆ ತಿರುಗಿ, ಒಂದೊಂದೇ ತಲೆ ತಟ್ಟುತ್ತಾ ಹೋದ. ಎರಡು, ಮೂರು, ನಾಲ್ಕು, ಐದು. ಸಿಂಚನಾಳ ತಲೆಯ ಮೇಲೆ ಕೈ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. 'ಆರು.'

'ಮಾಮಾ, ನನಗ ಇಪ್ಪತ್ಮೂರು ವರ್ಷ' ಎಂದೆ.

'ಹೂಂ.'

'ನನ್ನ ಯಾಕ ಎಣಸ್ತಿ?'

ಬಾಗಿಲು ಎಳೆದುಕೊಂಡು, ಎರಡು ಸಲ ಅಲುಗಿಸಿ ನೋಡಿ, ಆಮೇಲೆ ಹೇಳಿದ: 'ಮೊದಲ ಸಲ ರಾಣೆಬೆನ್ನೂರಿಗೆ ಕರಕೊಂಡು ಹೋದಾಗ ನೀ ಐದು ವರ್ಷದಾಕಿ. ಹೊಳ್ಳಿ ಬಂದು, ಮಾಲು ಮುಟ್ಟೈತಿ ಅಂತ ಸಹಿ ಮಾಡು ಅಕ್ಕಾ ಅಂದ್ರ ನಿಮ್ಮವ್ವ ನಕ್ಕೋತ ಒಳಗ ಹೋದ್ಲು. ಇನ್ನೂ ಮಾಡಿಲ್ಲ. ನಿನ್ನ ಹೆಂಗ ಬಿಡ್ಲಿ?'

ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಮಾಮನೇ ಅಕ್ಕನಿಗೆ ಎಲ್ಲ ಹೇಳಿದ. ಒಂದು ಕಡಿಮೆ ಬಿದ್ದಿತ್ತು, ಸಿಕ್ಕಿತು ಎಂದ. ಹೇಳಿ, ಷರತ್ತಿನಂತೆ ತನ್ನ ಭಾನುವಾರಗಳು ಮುಗಿದವೆಂದು ತಾನೇ ಒಪ್ಪಿ, ದಬ್ಬಣ ಸುತಳಿ ಚೀಲದಲ್ಲಿಟ್ಟುಕೊಳ್ಳತೊಡಗಿದ. ಅಕ್ಕ ಮಗಳನ್ನು ಎದೆಗೊತ್ತಿಕೊಂಡಳು. ನನ್ನ ಡೈರಿ ಇಸಿದುಕೊಂಡು 'ಅಂತೂ ಕಲಿತ' ಎಂಬಲ್ಲಿಯ ತನಕ ಓದಿದಳು. ಆಮೇಲೆ ಮಾಮನ ಚೀಲದಲ್ಲಿದ್ದ ಲೆಕ್ಕದ ಪುಸ್ತಕ ಎಳೆದುಕೊಂಡು, ಮಕ್ಕಳು ಮುಟ್ಟಿದವೆಂದು ಸಹಿ ಮಾಡಿ, 'ಮಾಮಾ, ಇನ್ಮ್ಯಾಲೆ ನೀನ ಎಣಿಸು. ಇಕಿ ಎಣಿಸೂದು ಬ್ಯಾಡ' ಎಂದಳು. ಹೀಗೆ ಮಾಮನ ಭಾನುವಾರ ಉಳಿಯಿತು, ನನ್ನ ಕೆಲಸ ಹೋಯಿತು. ಕೆಲಸ ಹೋಗಿ ಇಷ್ಟು ಹಗುರವಾದವರು ಹಾವೇರಿಯಲ್ಲಿ ಬೇರೆ ಯಾರೂ ಇರಲಾರರು!

ಆ ದಿನ ಮಲಗುವ ಮೊದಲು ಏಳು ಕೆಂಪು ಗುರುತುಗಳನ್ನೂ ಹೊಡೆದುಹಾಕಿದೆ. ನೀಲಿ ಗುರುತನ್ನೂ.

ಈಗ ಒಂದು ವಿಷಯ ಮಾತ್ರ ಬಾಕಿ ಇದೆ. ಇಳಿಸಿಕೊಂಡವರು ಸಹಿ ಮಾಡದಿದ್ದರೆ ಮಾಲು ಎಷ್ಟು ವರ್ಷದ ತನಕ ಎಣಿಸುವವನ ಲೆಕ್ಕದಲ್ಲೇ ಉಳಿಯುತ್ತದೆ? ಪೇಟೆಯಲ್ಲಿ ಇದಕ್ಕೇನಾದರೂ ಗಡುವು ಉಂಟೇ? ಬ್ಯಾಡಗಿ ಕಡೆಯ ಹಿರಿಯರಾಗಲಿ, ಚೀಲ ಎಣಿಸಿ ಬಲ್ಲ ಬೇರೆ ಯಾರೇ ಆಗಲಿ, ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಡೈರಿಯಲ್ಲಿ ಅದಕ್ಕೆಂದು ಅರ್ಧ ಪುಟ ಬಿಟ್ಟಿದ್ದೇನೆ. ನಿಮ್ಮ ಪತ್ರ ಬರುವ ತನಕ, ಮಾಮ ಮನೆಗೆ ಬಂದಾಗಲೆಲ್ಲ ಅವ್ವನ ಕೈಗೆ ಪೆನ್ನು ಸಿಗದ ಹಾಗೆ ನೋಡಿಕೊಳ್ಳುತ್ತಿದ್ದೇನೆ.